ಮಾರ್ಗರೆಟ್ ನೋಡದೆ ಉಳಿದ ನಾಲ್ಕು ನಿಮಿಷ

೧೯೬೮ರ ಅಕ್ಟೋಬರಿನಲ್ಲಿ ನಾವು ನ್ಯೂವಾರ್ಕಿನ ಪಕ್ಕದ ಊರು ಹ್ಯಾರಿಸನ್ನಿನ ಒಂದು ಮರದ ಮನೆಯ ಮೇಲಿನ ಅಂತಸ್ತಿಗೆ ಬಾಡಿಗೆಗೆ ಬಂದೆವು. ಕೆಳಗೆ ಮನೆಯ ಒಡತಿ ಮಾರ್ಗರೆಟ್ ಸಾವಿಟ್ಸ್ಕಿ ಒಬ್ಬರೇ ಇದ್ದರು. ಪಂಪು ತಯಾರಿಸುವ ಕಾರ್ಖಾನೆಯಲ್ಲಿ ದುಡಿದ ಅವರ ಪೋಲಿಷ್ ತಂದೆ ಕಟ್ಟಿಸಿದ ಮನೆ ಅದು. ನಾವು ಬಂದಾಗ ಮಾರ್ಗರೆಟ್‌ಗೆ ಐವತ್ತೆರಡು. ನನ್ನ ಯಜಮಾನರು ಕೃಷ್ಣಸ್ವಾಮಿ ಔಷಧಿ ಕಂಪನಿಯಲ್ಲಿ ಕೆಮಿಸ್ಟು. ಮಗಳು ನಿರುಪಮಾಗೆ ಆರು ವರ್ಷ. ನಾನು ಅಲಮೇಲು, ಮೈಸೂರು ಬಿಟ್ಟು ಎಲ್ಲೂ ಇರದವಳು.

ಮಾರ್ಗರೆಟ್ ನ್ಯೂವಾರ್ಕಿನ ಒಂದು ದೊಡ್ಡ ಅಂಗಡಿಯಲ್ಲಿ ಹೆಂಗಸರ ಕೈಗವಸು ಮಾರುತ್ತಿದ್ದರು. ನಾವು ಬಂದ ಮೂರನೆಯ ವಾರ ಮೆಟ್ಟಿಲ ಮೇಲೆ ಎದುರಾದಾಗ ನನ್ನ ಬರಿಗೈ ನೋಡಿ, "ಆರೂಕಾಲು ಸೈಜು" ಅಂದರು. ಮರುದಿನ ಒಂದು ಜೊತೆ ಬೂದು ಬಣ್ಣದ ಉಣ್ಣೆಯ ಗವಸು ತಂದುಕೊಟ್ಟರು. ಅಳತೆ ಹೇಳಿಮಾಡಿಸಿದಂತಿತ್ತು. ಬಸ್ ಸ್ಟಾಪಿಗೆ ನಡೆದು ಹೋಗುವಾಗ ಯಾರೋ ನೋಡುತ್ತಿದ್ದಾರೆ ಎಂಬಂತೆ ಬೆನ್ನು ನೆಟ್ಟಗೆ ಇಟ್ಟುಕೊಂಡು ಹೋಗುತ್ತಿದ್ದರು. ಅವರ ಬಗ್ಗೆ ಒಂದು ವರ್ಷ ನನಗೆ ತಿಳಿದದ್ದು ಇಷ್ಟೇ.

ಎಪ್ಪತ್ತರ ಫೆಬ್ರವರಿಯಲ್ಲಿ ಒಂದು ದಿನ ಹಿಮ ಬಿದ್ದು ಶಾಲೆಗೆ ರಜೆ ಕೊಟ್ಟರು. ಮಧ್ಯಾಹ್ನ ನಿರುಪಮಾ ಟೀವಿಯಲ್ಲಿ ಯಾವುದೋ ಹಳೆಯ ಕಪ್ಪು-ಬಿಳುಪು ಸಿನಿಮಾ ಹಾಕಿಕೊಂಡು ಕೂತಿದ್ದಳು. ನಾನು ಅಡುಗೆಮನೆಯಲ್ಲಿದ್ದೆ.

"ಅಮ್ಮಾ, ಕಮ್ ಕ್ವಿಕ್! ದಟ್ಸ್ ಮಿಸ್ ಸಾವಿಟ್ಸ್ಕಿ!"

"ಏನೇ ಹುಚ್ಚು ನಿಂದು" ಎನ್ನುತ್ತಾ ಬಂದೆ. ನಾಯಕಿಯ ಗೆಳತಿಯಾಗಿ ನಿಂತಿದ್ದ ಹುಡುಗಿ ಟೋಪಿ ಸರಿಪಡಿಸಿಕೊಂಡು ಏನೋ ಹೇಳಿ ನಕ್ಕಳು. ಮುಖ ನನಗೆ ಗುರುತಾಗಲಿಲ್ಲ. ಆದರೆ ತಿರುಗಿ ಬಾಗಿಲ ಕಡೆಗೆ ನಡೆದಳಲ್ಲ, ಆ ಬೆನ್ನು ನಮ್ಮ ಕೆಳಗಿನ ಮನೆಯವರದೇ.

ಹಿಮದಿಂದಾಗಿ ಅವತ್ತು ಮಾರ್ಗರೆಟ್‌ಗೂ ಕೆಲಸವಿರಲಿಲ್ಲ. ಕಾಫಿಗೆ ಮೇಲೆ ಕರೆದು ಕೇಳಿಯೇಬಿಟ್ಟೆ.

"ಓ, ಅದಾ? ಅದರಲ್ಲಿ ನಾನು ಹನ್ನೊಂದು ವಾಕ್ಯ ಮಾತಾಡ್ತೀನಿ" ಎಂದರು. ಮುಚ್ಚಿಟ್ಟಿದ್ದ ಗುಟ್ಟೇನಲ್ಲ, ಇಷ್ಟು ದಿನ ಯಾರೂ ಕೇಳಿರಲಿಲ್ಲ, ಅಷ್ಟೇ. ಅವತ್ತು ಸಂಜೆಯವರೆಗೂ ಹೇಳಿದರು.

ಹದಿನೆಂಟನೆಯ ವಯಸ್ಸಿನಲ್ಲಿ ನ್ಯೂವಾರ್ಕಿನ ಸೌಂದರ್ಯ ಸ್ಪರ್ಧೆಯೊಂದರಲ್ಲಿ ಗೆದ್ದಾಗ ಸಿಕ್ಕ ಬಹುಮಾನ ಹಾಲಿವುಡ್ಡಿಗೆ ರೈಲು ಟಿಕೆಟ್ಟು. ಸ್ಟುಡಿಯೋದವರು ಮೊದಲು ಹೆಸರು ಬದಲಾಯಿಸಿ ಮೋನಾ ವಿನ್‌ಫೀಲ್ಡ್ ಮಾಡಿದರು. ಆಮೇಲೆ ಹುಬ್ಬು ಬೋಳಿಸಿದರು, ಹ್ಯಾರಿಸನ್ನಿನ ಉಚ್ಚಾರ ಹೋಗಲಿ ಎಂದು ದಿನಕ್ಕೆರಡು ಗಂಟೆ ಮಾತು ಕಲಿಸಿದರು. ಹನ್ನೊಂದು ವರ್ಷದಲ್ಲಿ ಮೂವತ್ತೊಂದು ಚಿತ್ರ. ಹೆಚ್ಚಿನವುಗಳಲ್ಲಿ ನಾಯಕಿಯ ಗೆಳತಿ, ಇಲ್ಲವೇ ತಂಗಿ, ಇಲ್ಲವೇ ನಾಯಕ ಬಿಟ್ಟುಹೋಗುವ ಹುಡುಗಿ. ಒಬ್ಬ ಕ್ಯಾಮರಾ ಸಹಾಯಕನನ್ನು ಮದುವೆಯಾಗಿದ್ದೂ ಎರಡೇ ವರ್ಷ.

"ಒಂದೇ ಒಂದು ಸಲ ನಿಜವಾಗಿ ನಟಿಸಿದೆ," ಅಂದರು. "ನಲವತ್ತೈದನೇ ಇಸವಿಯಲ್ಲಿ. ದೋಣಿ ನಿಲ್ಲೋ ಊರಲ್ಲಿ ಊಟದ ಮನೆ ನಡೆಸೋ ಹೆಂಗಸಿನ ಪಾತ್ರ. ತಮ್ಮ ಯುದ್ಧಕ್ಕೆ ಹೋಗಿರ್ತಾನೆ. ಎಲ್ಲರಿಗೂ ಸೂಪ್ ಬಡಿಸ್ತಿರೋವಾಗ ತಂತಿ ಬರತ್ತೆ. ಆಕೆಗೆ ಗೊತ್ತಾಗಿಬಿಡತ್ತೆ. ಆದರೆ ತಂತಿ ಒಡೆದು ಓದೋದಿಲ್ಲ. ಏಪ್ರನ್ ಜೇಬಿಗೆ ಹಾಕ್ಕೊಂಡು ಎಲ್ಲರಿಗೂ ಬಡಿಸಿ ಮುಗಿಸ್ತಾಳೆ. ನಾಲ್ಕು ನಿಮಿಷ, ಒಂದು ಮಾತಿಲ್ಲ."

ನನ್ನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು.

ಆ ದೃಶ್ಯವನ್ನು ಜನ ನೋಡಲೇ ಇಲ್ಲವಂತೆ. ಬಿಡುಗಡೆಗೆ ಮೊದಲು ಒಂದು ಊರಿನಲ್ಲಿ ತೋರಿಸಿದಾಗ ಹೆಂಗಸರು ಅಳುತ್ತಾ ಎದ್ದುಹೋದರು. ಯುದ್ಧ ಈಗತಾನೇ ಮುಗಿದಿದೆ, ಅತ್ತದ್ದು ಸಾಕು ಎಂದು ಸ್ಟುಡಿಯೋದವರು ಕತ್ತರಿಸಿದರು. ಮಾರ್ಗರೆಟ್ ಥಿಯೇಟರಿಗೆ ಹೋದಾಗ ತಾನು ಬಾಗಿಲು ತೆಗೆಯುವುದು, ಮುಚ್ಚುವುದು ಮಾತ್ರ ಉಳಿದಿತ್ತು. ಆಮೇಲೆ ಕಂಪನಿ ಅವರ ಒಪ್ಪಂದವನ್ನು ಮುಂದುವರಿಸಲಿಲ್ಲ. ತಾಯಿಗೆ ಕಾಯಿಲೆಯೆಂದು ಊರಿಗೆ ಬಂದವರು ತಾಯಿ ಹೋದ ಮೇಲೂ ಇಲ್ಲೇ ಉಳಿದರು.

"ಮಾರ್ಗರೆಟ್, ನಾನು ಅದನ್ನ ನೋಡಿದೀನಿ" ಎಂದೆ.

"ಸಾಧ್ಯವಿಲ್ಲ."

"ಮೈಸೂರಲ್ಲಿ. ನಲವತ್ತಾರರಲ್ಲಿ. ನನಗೆ ಹದಿನಾಲ್ಕು ವರ್ಷ. ಅಮ್ಮನ ಜೊತೆ ಹೋಗಿದ್ದೆ. ಆಗ ನನಗೆ ಇಂಗ್ಲಿಷ್ ಅಷ್ಟಾಗಿ ಬರ್ತಿರಲಿಲ್ಲ. ಇಡೀ ಸಿನಿಮಾದಲ್ಲಿ ಪೂರ್ತಿ ಅರ್ಥವಾಗಿದ್ದು ಅದೊಂದೇ, ಮಾತಿಲ್ಲದ್ದು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು."

ಅವರು ನನ್ನ ಮುಖವನ್ನೇ ನೋಡಿದರು. ಹೊರದೇಶಗಳಿಗೆ ಹೋಗುವ ಪ್ರತಿಗಳನ್ನು ಮೊದಲೇ ಹಡಗಿಗೆ ಹಾಕಿದ್ದರೇನೋ, ಕತ್ತರಿ ಅಲ್ಲಿಯವರೆಗೆ ತಲುಪಿರಲಿಲ್ಲ. ಹಾಗೆಂದು ಆಮೇಲೆ ಇಬ್ಬರೂ ಊಹೆ ಮಾಡಿದೆವು. ಆ ಗಳಿಗೆಯಲ್ಲಿ ಮಾತ್ರ ಅವರು ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡು, "ಹೇಳಿ. ಮೊದಲಿಂದ ಹೇಳಿ" ಅಂದರು.

ನೆನಪಿದ್ದಷ್ಟು ಹೇಳಿದೆ. ಮೇಜು, ಆವಿ ಏಳುವ ಪಾತ್ರೆ, ನಗುತ್ತಾ ಹರಟುವ ಗಂಡಸರು. ಕೊನೆಗೆ ಆಕೆ ಖಾಲಿ ಕುರ್ಚಿಯ ಮುಂದೆಯೂ ಒಂದು ಬಟ್ಟಲು ಇಡುತ್ತಾಳೆ ಎಂದೆ.

"ಖಾಲಿ ಕುರ್ಚಿ ಇರಲಿಲ್ಲ," ಎಂದರು ಮಾರ್ಗರೆಟ್ ಮೆಲ್ಲಗೆ.

ನನಗೆ ನಾಚಿಕೆಯಾಯಿತು. ಇಪ್ಪತ್ತನಾಲ್ಕು ವರ್ಷದಲ್ಲಿ ಆ ಕುರ್ಚಿಯನ್ನು ನಾನೇ ತಂದು ಹಾಕಿದ್ದೆನೋ ಏನೋ.

"ಪರವಾಗಿಲ್ಲ," ಎಂದರು. "ಒಂದೇ ಕೇಳ್ತೀನಿ. ಕೊನೇ ಬಟ್ಟಲಿಗೆ ಬಡಿಸುವಾಗ ಸೂಪ್ ಚೆಲ್ಲಿತಾ? ಎರಡು ಸಲ ಶೂಟ್ ಮಾಡಿದ್ರು. ಮೊದಲನೇ ಸಲ ನನ್ನ ಕೈ ಸೋತು ಚೂರು ಚೆಲ್ತು. ಅದು ನಟನೆ ಅಲ್ಲ, ನಿಜವಾಗ್ಲೂ ಸೋತಿತ್ತು. ನಿರ್ದೇಶಕ ಏನೂ ಹೇಳದೆ ಇನ್ನೊಂದು ಸಲ ಮಾಡಿಸಿದ. ಆಗ ಅಚ್ಚುಕಟ್ಟಾಗಿ ಮಾಡಿದೆ. ಯಾವುದನ್ನ ಇಟ್ಟುಕೊಂಡ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ."

ನನಗೆ ನೆನಪಿರಲಿಲ್ಲ. ಹೌದು ಎಂದುಬಿಡಬಹುದಿತ್ತು. ಆದರೆ ಕುರ್ಚಿಯ ವಿಷಯದಲ್ಲಿ ಒಮ್ಮೆ ತಪ್ಪಿದವಳಿಗೆ ಧೈರ್ಯ ಬರಲಿಲ್ಲ.

ಮೈಸೂರಿನಲ್ಲಿದ್ದ ನನ್ನ ಅಣ್ಣ ದ್ವಾರಕಾನಾಥನಿಗೆ ಮರುದಿನವೇ ಕಾಗದ ಬರೆದೆ. ಆ ಚಿತ್ರದ ಪ್ರತಿ ಎಲ್ಲಾದರೂ ಇದೆಯೇ, ವಿಚಾರಿಸು ಎಂದೆ. ಮೂರು ತಿಂಗಳು ಮಾರ್ಗರೆಟ್ ಟಪಾಲಿನವನು ಬರುವುದನ್ನು ನನಗಿಂತ ಮೊದಲು ನೋಡುತ್ತಿದ್ದರು. ಕೇಳುತ್ತಿರಲಿಲ್ಲ, ಊರಿನಿಂದ ನೀಲಿ ಏರೋಗ್ರಾಂ ಕಾಗದ ಬಂದರೆ ನನ್ನ ಕೈಗೆ ಕೊಟ್ಟು ಅಲ್ಲೇ ನಿಲ್ಲುತ್ತಿದ್ದರು.

ಅಣ್ಣನ ಉತ್ತರ ಬಂದದ್ದು ಮೇ ಕೊನೆಗೆ. ಥಿಯೇಟರ್ ಈಗ ಬಟ್ಟೆಯ ಗೋದಾಮು. ರೀಲುಗಳು ಆಗಲೇ ಬೊಂಬಾಯಿಗೆ ವಾಪಸು ಹೋಗಿದ್ದವು, ಅಲ್ಲಿ ಹಂಚಿಕೆದಾರರು ಹಳೆಯವನ್ನೆಲ್ಲ ಕೊಡಲಿಯಿಂದ ಕಡಿದು ಹಾಕುತ್ತಿದ್ದರಂತೆ. ಇಷ್ಟು ಓದಿ ನಾನು ನಿಲ್ಲಿಸಿದೆ. ಮಾರ್ಗರೆಟ್ ತಲೆಯಾಡಿಸಿದರು.

ಆದರೆ ಕಾಗದ ಮುಗಿದಿರಲಿಲ್ಲ. ಪ್ರೊಜೆಕ್ಟರ್ ನಡೆಸುತ್ತಿದ್ದ ನಾಗಲಿಂಗಪ್ಪ ಎಂಬಾತ ಇನ್ನೂ ಇದ್ದ, ಅಣ್ಣ ಅವನನ್ನು ಹುಡುಕಿಕೊಂಡು ಹೋಗಿದ್ದ. ಅವನ ಮಾತನ್ನು ಅವನ ಬಾಯಿಂದ ಬಂದ ಹಾಗೆಯೇ ಬರೆದಿದ್ದ:

"ಮೂರು ವಾರ ಓಡಿಸೀನಿ ಸ್ವಾಮಿ, ದಿನಕ್ಕೆ ಎರಡಾಟ. ಬೇರೆ ರೀಲು ಹಾಕಿ ಬೀಡಿ ಸೇದಾಕೆ ಹೋಗ್ತಿದ್ದೆ, ಅದೊಂದು ಬಂದಾಗ ಮಾತ್ರ ತೂತಿನಾಗೆ ಕಣ್ಣಿಟ್ಟು ನಿಂತಿರ್ತಿದ್ದೆ. ಆಯಮ್ಮ ಕೊನೇ ಬಟ್ಟಲಿಗೆ ಹಾಕುವಾಗ ಸೌಟು ಅಲುಗಿ ಮೇಜಿನ ಮ್ಯಾಲೆ ಚೆಲ್ತದೆ. ಯಾರೂ ನೋಡೋದಿಲ್ಲ. ಆಯಮ್ಮ ಅಂಗೈಯಾಗೆ ಒರೆಸ್ತಾಳೆ, ಬಟ್ಟೇಲಲ್ಲ, ಅಂಗೈಯಾಗೆ."

ಇಂಗ್ಲಿಷಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಮಾರ್ಗರೆಟ್ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. "ಅಂಗೈಯಲ್ಲಿ," ಎಂದರು. "ಅದು ನಂಗೇ ಮರೆತುಹೋಗಿತ್ತು. ಹೌದು, ಸುಡ್ತಿತ್ತು." ಮತ್ತೆ, "ಅದನ್ನೇ ಇಟ್ಟುಕೊಂಡಿದ್ದಾನೆ, ಅಲಮೇಲು. ಅದನ್ನೇ ಇಟ್ಟುಕೊಂಡಿದ್ದಾನೆ" ಎಂದು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ಮಾರ್ಗರೆಟ್ ಮತ್ತು ನಾಗಲಿಂಗಪ್ಪನ ನಡುವೆ ಕಾಗದ ಶುರುವಾಯಿತು, ನನ್ನ ಮೂಲಕ. ವರ್ಷಕ್ಕೆ ಎರಡೋ ಮೂರೋ. ನಾಗಲಿಂಗಪ್ಪ ಒಂದು ಫೋಟೋ ಕೇಳಿದ. ಮಾರ್ಗರೆಟ್ ಸ್ಟುಡಿಯೋದ ಹಳೆಯ ಚಿತ್ರ ಕಳಿಸಲಿಲ್ಲ. ಮನೆಯ ಮುಂದೆ ಕೋಟು ಹಾಕಿಕೊಂಡು ನಿಂತದ್ದನ್ನು ನನ್ನ ಯಜಮಾನರಿಂದ ತೆಗೆಸಿ ಕಳಿಸಿದರು. "ಆಯಮ್ಮಗೂ ವಯಸ್ಸಾತು, ನನಗೂ ಆತು" ಎಂದು ಉತ್ತರ ಬಂತು. ಅದನ್ನು ಕೇಳಿ ಅವರಿಗೆ ಎಷ್ಟು ನಗು!

ಎಪ್ಪತ್ತನಾಲ್ಕರಲ್ಲಿ ಅಂಗಡಿಯವರು ಕೈಗವಸಿನ ವಿಭಾಗ ಮುಚ್ಚಿದರು. ಮರುವರ್ಷ ಮಾರ್ಗರೆಟ್ ಪಾಸ್‌ಪೋರ್ಟ್ ಮಾಡಿಸಿಕೊಂಡು ಬಂದು ನನ್ನ ಮುಂದೆ ಇಟ್ಟರು.

"ಮೈಸೂರಿಗೆ ಯಾವ ತಿಂಗಳು ಒಳ್ಳೇದು?"

"ಜನವರಿ," ಎಂದೆ. "ಆದರೆ ಅಲ್ಲಿ ಸಿನಿಮಾ ಇಲ್ವಲ್ಲ, ಮಾರ್ಗರೆಟ್."

"ಅದನ್ನ ನೋಡಿದೋರು ಇದಾರಲ್ಲ. ಆತ ಹೇಳ್ತಿರಬೇಕು, ನಾನು ಆತನ ಕಣ್ಣು ನೋಡ್ತಿರಬೇಕು."

ಡಿಸೆಂಬರಿನಲ್ಲಿ ಚರ್ಚಿನ ಮುಂದೆ ಐಸ್ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಎದ್ದು ನಡೆದಾಡುವಷ್ಟರಲ್ಲಿ ಬೇಸಗೆ. ಮುಂದಿನ ಜನವರಿ ಎಂದರು, ಅದು ಹೋಗಿ ಅದರ ಮುಂದಿನದೂ ಬಂತು, ಹೊರಡಲಾಗಲಿಲ್ಲ. ಎಪ್ಪತ್ತೇಳರಲ್ಲಿ ನಾವು ಬ್ರಿಡ್ಜ್‌ವಾಟರಿನಲ್ಲಿ ಮನೆ ತೆಗೆದುಕೊಂಡು ಹೊರಟಾಗ, ನಮ್ಮ ಜೊತೆ ಬನ್ನಿ ಎಂದು ಕರೆದೆ. "ಅಲ್ಲಿ ಕಾರಿಲ್ಲದೆ ಹಾಲು ತರೋಕೂ ಆಗಲ್ಲ" ಎಂದು ನಕ್ಕು ತಪ್ಪಿಸಿಕೊಂಡರು. ಭಾನುವಾರಗಳಲ್ಲಿ ಫೋನ್ ಮಾಡುತ್ತಿದ್ದೆ. ಕಾಗದ ಬಂತೇ ಎಂಬುದು ಅವರ ಮೊದಲ ಪ್ರಶ್ನೆ.

ಎಪ್ಪತ್ತೆಂಟರ ಏಪ್ರಿಲಿನಲ್ಲಿ ಎದೆನೋವಿನಿಂದ ತೀರಿಕೊಂಡರು. ಚರ್ಚಿನಲ್ಲಿ ಇಪ್ಪತ್ತು ಜನ ಇದ್ದೆವು. ಮಾರ್ಗರೆಟ್ ಸಾವಿಟ್ಸ್ಕಿ, ನಿವೃತ್ತ ಸೇಲ್ಸ್ ಕ್ಲರ್ಕ್ ಎಂದು ಪತ್ರಿಕೆಯಲ್ಲಿ ಎರಡು ಸಾಲು ಬಂದಿತ್ತು.

ನಾಗಲಿಂಗಪ್ಪನಿಗೆ ನಾನೇ ಬರೆದೆ. ಉತ್ತರ ಬರೆದವಳು ಅವನ ಮಗಳು ರುದ್ರಮ್ಮ. ಅಪ್ಪ ಜಗಲಿಯ ಮೇಲೆ ಕೂತು ಕಾಗದ ಓದಿಸಿಕೊಂಡರಂತೆ. ಆಮೇಲೆ ಮನೆಯವರನ್ನೆಲ್ಲ ಕರೆದು ಅಲ್ಲೇ ಕೂರಿಸಿಕೊಂಡು, ಆ ಸಿನಿಮಾವನ್ನು ಮೊದಲ ರೀಲಿನಿಂದ ಕೊನೆಯವರೆಗೆ ಕಥೆ ಮಾಡಿ ಹೇಳಿದರಂತೆ. ಎರಡೂವರೆ ಗಂಟೆ ಹಿಡಿಯಿತು, ಮಧ್ಯೆ ಇಂಟರ್‌ವಲ್ ಕೂಡ ಬಿಟ್ಟರು ಎಂದು ಬರೆದಿದ್ದಳು.

ಅಡುಗೆಮನೆಯಲ್ಲಿ ನಿಂತು ಅದನ್ನು ಎರಡು ಸಲ ಓದಿದೆ. ಹೊರಗೆ ನಿರುಪಮಾ ಕಾರಿಗೆ ಬಾ ಎಂದು ಹಾರ್ನ್ ಮಾಡುತ್ತಿದ್ದಳು. ಆ ಜಗಲಿಯ ಮೇಲೆ ಮಾರ್ಗರೆಟ್ ಒಂದು ಕಡೆ, ನಾನೊಂದು ಕಡೆ ಕೂತಿರಬೇಕಿತ್ತು ಎಂದು ನನಗೆ ತಡೆಯಲಾರದಷ್ಟು ಅನಿಸಿತು.