ಪಂಪಾವತಿ ಕಟ್ಟಿದ ಅತ್ತೆ

ಕುರೆಕುಪ್ಪದ ಪಂಪಾವತಿ ಹೊಸಪೇಟೆಯ ಕಾಲೇಜೊಂದರಲ್ಲಿ ಕೌನ್ಸೆಲಿಂಗ್ ಸೈಕಾಲಜಿಯ ಎಂ.ಎಸ್ಸಿ.ಗೆ ಸೇರಿದಾಗ, ಯಾಕೆ ಅಂತ ಕೇಳಿದವರಿಗೆಲ್ಲ ಒಂದೇ ಉತ್ತರ ಕೊಡುತ್ತಿದ್ದಳು: ಬಿ.ಎ.ಯಲ್ಲಿ ಅದೇ ವಿಷಯ ಇತ್ತು. ಉತ್ತರ ಸುಳ್ಳೇನಲ್ಲ. ಆದರೆ ನಿಜವಾದ ಕಾರಣ ಬೆಳಗಿನ ಬಸ್ಸು. ಅದನ್ನು ಹತ್ತಿದರೆ ಸಂಜೆಯವರೆಗೆ ಮನೆಯಲ್ಲಿ ಕೂರುವ ಪ್ರಸಂಗ ಇರಲಿಲ್ಲ.

ಅದರ ಹಿಂದಿನ ವರ್ಷ ಅವಳಿಗೆ ಎಂಟು ತಿಂಗಳು ತುಂಬಿದ್ದಾಗ ಹೊಟ್ಟೆಯೊಳಗಿನ ಕೂಸು ಅಲ್ಲಾಡುವುದನ್ನು ನಿಲ್ಲಿಸಿತ್ತು. ಹೆರಿಗೆ ಆಯಿತು. ಅವಳಿಗೆ ಎಚ್ಚರ ಬಂದಾಗ ಕೋಣೆಯಲ್ಲಿ ಕೂಸು ಇರಲಿಲ್ಲ. ಕಾರ್ಖಾನೆಯಲ್ಲಿ ಕ್ರೇನ್ ನಡೆಸುವ ಗಂಡ ಪರಶುರಾಮ್ ಮತ್ತು ಅತ್ತೆ ದುರ್ಗಕ್ಕ ಅದನ್ನು ಮಣ್ಣು ಮಾಡಿ ಬಂದಿದ್ದರು. ನೋಡಿದರೆ ಮರೆಯುವುದು ಕಷ್ಟ, ನೋಡದೆ ಇದ್ದದ್ದೇ ಒಳ್ಳೆಯದಾಯಿತು ಎಂದು ಬಂದ ನೆಂಟರೆಲ್ಲ ಹೇಳಿದರು. ಇರಬಹುದು ಎಂದು ಅವಳೂ ಸುಮ್ಮನಾದಳು. ಅವಳ ಮೈ ಮಾತ್ರ ಸುಮ್ಮನಾಗಲಿಲ್ಲ; ಎದೆಯಲ್ಲಿ ಹಾಲು ತುಂಬಿಕೊಂಡು ಜ್ವರ ಬಂತು. ದುರ್ಗಕ್ಕ ಸಂತೆಯಿಂದ ಮಲ್ಲಿಗೆ ಹೂ ತಂದು ಎದೆಗೆ ಒತ್ತಿಟ್ಟು ಬಟ್ಟೆ ಬಿಗಿದಳು. ಹಾಲು ಇಂಗಿತು. ಆಮೇಲೆ ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ತೋರಣಗಲ್ಲಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕೆಲಸವನ್ನು ಬಸಿರಿನಲ್ಲಿ ಬಿಟ್ಟಿದ್ದಳು, ಮತ್ತೆ ಹೋಗಿ ಕೇಳಲಿಲ್ಲ. ಬಡಿಸಿದ್ದನ್ನು ಉಣ್ಣುತ್ತಿದ್ದಳು, ಹೇಳಿದ ಕೆಲಸ ಮಾಡುತ್ತಿದ್ದಳು. ಕೂಸಿನ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಅವಳನ್ನು ನೋಯಿಸಬಾರದೆಂದೇ ಎತ್ತುತ್ತಿರಲಿಲ್ಲ. ಅದೂ ಅವಳಿಗೆ ಗೊತ್ತಿತ್ತು.

ಕಾಲೇಜಿನಲ್ಲಿ ಪುಸ್ತಕದ ಪಾಠ ಸುಲಭವಾಗಿತ್ತು. ಕಷ್ಟವಾದದ್ದು ಅಭ್ಯಾಸದ ತರಗತಿ. ಮೂವರು ಮೂವರು ಗುಂಪಾಗಿ ಕೂರಬೇಕು. ಒಬ್ಬರು ತಮ್ಮ ಬದುಕಿನ ಯಾವುದಾದರೂ ನಿಜವಾದ ತೊಂದರೆ ಹೇಳಿಕೊಳ್ಳಬೇಕು, ಇನ್ನೊಬ್ಬರು ಕೌನ್ಸೆಲರ್ ಆಗಿ ಕೇಳಿಸಿಕೊಳ್ಳಬೇಕು, ಮೂರನೆಯವರು ನೋಡುತ್ತಿರಬೇಕು. ತೊಂದರೆ ಚಿಕ್ಕದಾಗಿದ್ದರೂ ಪರವಾಗಿಲ್ಲ, ನಿಜವಾಗಿರಲಿ ಎಂಬುದಷ್ಟೇ ಪಾಠ ಹೇಳುವ ಶೈಲಜಾ ಮೇಡಂ ಅವರ ಷರತ್ತು. ಪಂಪಾವತಿಯ ಎದುರಿಗೆ ಕೂತದ್ದು ಸುನಿತಾ, ಕಂಪ್ಲಿಯ ರೈಸ್‌ಮಿಲ್ಲಿನವರ ಮಗಳು. ಇವತ್ತು ಯಾವ ವಿಷಯ ಮಾತಾಡೋಣ ಎಂದು ಅವಳು ಮೆತ್ತಗೆ ಕೇಳಿದಳು. ಪಂಪಾವತಿ ತನ್ನೊಳಗೆ ಹುಡುಕಿದಳು. ಹೇಳುವಂಥದ್ದು ಅಲ್ಲಿ ಏನೂ ಸಿಗಲಿಲ್ಲ. ಇಬ್ಬರೂ ಕಾಯುತ್ತಿದ್ದರು. ಕೊನೆಗೆ ಬಾಯಿಗೆ ಬಂದದ್ದನ್ನು ಹೇಳಿದಳು.

"ನಮ್ಮತ್ತಿ ಭಾಳ ಬೈತಾಳ."

ದುರ್ಗಕ್ಕ ಅವಳನ್ನು ಒಂದು ದಿನವೂ ಬೈದವಳಲ್ಲ. ಹೊಲದ ಕೂಲಿ ಮಾಡಿ ಮಗನನ್ನು ಐಟಿಐ ಓದಿಸಿದ ಹೆಂಗಸು. ಸೊಸೆ ಕಾಲೇಜಿಗೆ ಹೋಗುತ್ತೇನೆಂದಾಗ ಗೋಡೆಯ ಮೇಲಿನ ಬುದ್ಧನ ಪಟಕ್ಕೆ ಕೈಮುಗಿದು, ಹೋಗು ಎಂದು ಎಲ್ಲರಿಗಿಂತ ಮೊದಲು ಹೇಳಿದವಳೇ ಅವಳು. ಆದರೆ ಆಡಿದ ಮಾತು ಅಲ್ಲಿಗೆ ನಿಲ್ಲಲಿಲ್ಲ. ಮುಂದಿನ ವಾರ ಸುನಿತಾ ಅಲ್ಲಿಂದಲೇ ಕೇಳಲು ಶುರುಮಾಡಿದಳು. ಪಂಪಾವತಿ ಟಿವಿಯಲ್ಲಿ ನೋಡಿದ್ದು, ಬಸ್ಸಿನಲ್ಲಿ ಕೇಳಿದ್ದು ಎಲ್ಲ ಸೇರಿಸಿ ಒಬ್ಬ ಅತ್ತೆಯನ್ನು ಕಟ್ಟಿದಳು. ಆ ಅತ್ತೆ ರೊಟ್ಟಿ ಎಣಿಸಿ ಇಡುತ್ತಿದ್ದಳು, ಪುಸ್ತಕ ಮುಚ್ಚಿಡುತ್ತಿದ್ದಳು, ಓದಿದವಳು ಗಂಡನ ತಲೆಯ ಮೇಲೆ ಕೂರುತ್ತಾಳೆ ಎಂದು ಓಣಿಯಲ್ಲಿ ಹೇಳಿಕೊಂಡು ಬರುತ್ತಿದ್ದಳು. ಪಂಪಾವತಿ ಇದನ್ನೆಲ್ಲ ದನಿ ಏರಿಸದೆ, ಇಳಿಸದೆ ಹೇಳುತ್ತಿದ್ದಳು. ಅದಕ್ಕೇ ಎಲ್ಲರೂ ನಂಬಿದರು. ಎಷ್ಟು ಸಹಿಸಿಕೊಂಡಿದ್ದಾಳೆ ಎಂದು ಮಾತಾಡಿಕೊಂಡರು. ಒಮ್ಮೆ ಕೇಳುತ್ತ ಕೇಳುತ್ತ ಸುನಿತಾಳೇ ಅತ್ತುಬಿಟ್ಟಳು. ಪಂಪಾವತಿ ಅವಳಿಗೆ ನೀರಿನ ಬಾಟಲಿ ಕೊಟ್ಟು, ಅವಳ ಅಳು ಮುಗಿಯುವವರೆಗೆ ಕಿಟಕಿಯ ಸರಳು ನೋಡುತ್ತ ಕೂತಳು.

ಎರಡನೆಯ ವರ್ಷದಲ್ಲಿ ವಿದ್ಯಾರ್ಥಿಗಳೆಲ್ಲ ಕಡ್ಡಿರಾಂಪುರದಲ್ಲಿ ಮಾನಸಿಕ ಆರೋಗ್ಯದ ಶಿಬಿರ ಇಟ್ಟುಕೊಂಡರು. ಶಾಲೆಯ ಅಂಗಳದಲ್ಲಿ ಶಾಮಿಯಾನ, ಒಂದಿಷ್ಟು ಕುರ್ಚಿ. ಸೊಸೆ ಏನು ಓದುತ್ತಿದ್ದಾಳೆಂದು ಕಣ್ಣಾರೆ ನೋಡಬೇಕೆಂದು ದುರ್ಗಕ್ಕ ಹೇಳದೆ ಕೇಳದೆ ಬಂದಳು. ಎಲ್ಲರಿಗೂ ಆಗುವಷ್ಟು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದಳು. ಪಂಪಾವತಿ ಬ್ಯಾನರಿನ ಹಗ್ಗ ಬಿಗಿಯುತ್ತಿದ್ದಳು. ತಾನು ಪಂಪಾವತಿಯ ಅತ್ತೆ ಎಂದು ದುರ್ಗಕ್ಕ ಬುತ್ತಿ ಮುಂದೆ ಹಿಡಿದದ್ದು ಸುನಿತಾಳ ಎದುರಿಗೆ.

ಸುನಿತಾ ಬುತ್ತಿ ತಗೊಳ್ಳಲಿಲ್ಲ.

"ಎಲ್ಲಾರ ಮುಂದ ರೊಟ್ಟಿ ಕೊಡೋದು ದೊಡ್ಡ ಮಾತಲ್ರಿ," ಎಂದಳು. "ಮನ್ಯಾಗ ಆಕೀಗೆ ಎಣಿಸಿ ಇಡಬ್ಯಾಡ್ರಿ. ಆಕಿ ಹೆಂಗ ಆಗ್ಯಾಳ ನೋಡೀರೇನು? ನಗಂಗಿಲ್ಲ, ಅಳಂಗಿಲ್ಲ. ನಿಮ್ಮ ಬೈಗುಳಕ್ಕ ಹಂಗ ಆಗ್ಯಾಳ."

ದುರ್ಗಕ್ಕ ಸುನಿತಾಳ ಮುಖ ನೋಡಿದಳು. ಆಮೇಲೆ ಹಗ್ಗ ಹಿಡಿದು ನಿಂತಿದ್ದ ಸೊಸೆಯ ಕಡೆ ತಿರುಗಿದಳು. ಪಂಪಾವತಿಗೆ ಪ್ರತಿ ಮಾತೂ ಕೇಳಿಸಿತ್ತು. ಈಗ ಮಾತಾಡಬೇಕು ಎಂದು ತಿಳಿದಿತ್ತು, ಆದರೆ ಹೆಜ್ಜೆ ಮುಂದೆ ಬರಲಿಲ್ಲ. ದೂರದಿಂದ ಇನ್ಯಾರದೋ ಮನೆಯ ಜಗಳ ನೋಡುತ್ತಿರುವಂತೆ ನಿಂತಿದ್ದಳು.

"ಹೌದವ್ವ," ಎಂದಳು ದುರ್ಗಕ್ಕ. "ತಪ್ಪಾಗೈತಿ. ಇನ್ನ ಮ್ಯಾಲ ಬೈಯಂಗಿಲ್ಲ."

ಬುತ್ತಿಯನ್ನು ಕುರ್ಚಿಯ ಮೇಲಿಟ್ಟು ಶಾಮಿಯಾನದ ಹಿಂದಿನ ಸಾಲಿನಲ್ಲಿ ಕೂತಳು. ಶಿಬಿರ ಮುಗಿಯುವವರೆಗೂ ಕೂತಿದ್ದಳು.

ವಾಪಸು ಬರುವ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಅದಿರಿನ ಲಾರಿಗಳ ಹಿಂದೆ ಬಸ್ಸು ನಿಧಾನವಾಗಿ ಸಾಗಿತ್ತು, ಕಿಟಕಿ ಮುಚ್ಚಿದರೂ ಕೆಂಧೂಳು ಒಳಗೆ ಬರುತ್ತಿತ್ತು. ಸುಮಾರು ದೂರ ಬಂದ ಮೇಲೆ ದುರ್ಗಕ್ಕ, ನಾನು ಇನ್ನೂ ಏನೇನು ಅಂದಿದ್ದೇನೆ ಹೇಳಿಬಿಡು, ನಾಳೆ ಯಾರಾದರೂ ಕೇಳಿದರೆ ಗೊತ್ತಿರಬೇಕಲ್ಲ ಎಂದಳು. ಚುಚ್ಚಿ ಕೇಳಿದ್ದಲ್ಲ. ಪಂಪಾವತಿ ಎಲ್ಲವನ್ನೂ ಹೇಳಿದಳು. ಪುಸ್ತಕ ಮುಚ್ಚಿಟ್ಟದ್ದು, ಓಣಿಯಲ್ಲಿ ಆಡಿಕೊಂಡದ್ದು, ಯಾವುದನ್ನೂ ಬಿಡಲಿಲ್ಲ. ದುರ್ಗಕ್ಕ ಹೂಂಗುಟ್ಟುತ್ತ ಕೇಳಿದಳು.

"ಕೂಸಿನ ಮಾತು ಹೇಳೀಯೇನು?"

"ಇಲ್ಲತ್ತಿ."

"ಯಾಕ?"

"ಏನೂ ಅನ್ನಸಂಗಿಲ್ಲ. ಅನ್ನಿಸಿದ್ದು ಹೇಳ್ರಿ ಅಂತಾರ. ಅನ್ನಸದಿದ್ರ ಏನ್ ಹೇಳಲಿ?"

ಬಸ್ಸು ರೈಲ್ವೆ ಗೇಟಿನಲ್ಲಿ ನಿಂತಿತು. ಗೂಡ್ಸ್ ಗಾಡಿ ದಾಟುತ್ತಿದ್ದಾಗ ಪಂಪಾವತಿ ಅಷ್ಟು ದಿನ ಯಾರನ್ನೂ ಕೇಳದೆ ಇದ್ದದ್ದನ್ನು ಕೇಳಿದಳು. ಆಸ್ಪತ್ರೆಯವರು ಹೇಳಿದ್ದರೋ ಏನೋ, ಅವಳ ಕಿವಿಗೆ ಬಿದ್ದಿರಲಿಲ್ಲ.

"ಅದು ಏನಿತ್ತು?"

"ಹೆಣ್ಣು," ಎಂದಳು ದುರ್ಗಕ್ಕ. "ತಲಿ ತುಂಬ ಕೂದ್ಲಿದ್ವು. ನಿನ್ನಂಗ ಗುಂಗ್ರು." ಕಿಟಕಿಯ ಕಡೆ ತಿರುಗಿ, "ನೀ ಕೇಳ್ತಿ ಅಂತ ಕಾದೆ. ಕೇಳಲಿಲ್ಲ. ನಾನಾಗಿ ಹೇಳಿದ್ರ ನಿನಗ ತ್ರಾಸ ಆಗತೈತಿ ಅಂತ ಬಿಟ್ಟೆ," ಎಂದಳು. ಹೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೇಟು ತೆರೆಯಿತು. ಪಂಪಾವತಿಗೆ ಆಗಲೂ ಅಳು ಬರಲಿಲ್ಲ.

ಮುಂದಿನ ಅಭ್ಯಾಸದ ತರಗತಿಯಲ್ಲಿ ಅವಳು ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು ಎಂದು ಗುಂಪಿನ ಮುಂದೆ ಹೇಳಿದಳು. ಕೂಸಿನ ವಿಷಯವನ್ನೂ ಹೇಳಿದಳು, ಮೊದಲಿನ ಅದೇ ದನಿಯಲ್ಲಿ. ಸುನಿತಾ ಎದ್ದು ಹೊರಗೆ ಹೋದಳು. ಮುದುಕಿಯನ್ನು ನನ್ನ ಬಾಯಿಂದ ಬೈಸಿದೆಯಲ್ಲ ಎಂದು ಆಮೇಲೆ ಒಮ್ಮೆ ಹೇಳಿದ್ದು ಬಿಟ್ಟರೆ, ಆ ವರ್ಷವೆಲ್ಲ ಅವಳು ಪಂಪಾವತಿಯ ಜೊತೆ ಮಾತಾಡಲಿಲ್ಲ. ಕುರೆಕುಪ್ಪಕ್ಕೆ ಮಾತ್ರ ಒಬ್ಬಳೇ ಬಂದು, ದುರ್ಗಕ್ಕ ಮಾಡಿದ ರೊಟ್ಟಿ ಉಂಡು ಹೋದಳು. ಪಂಪಾವತಿ ಮನೆಯಲ್ಲಿ ಇಲ್ಲದ ದಿನ ನೋಡಿಕೊಂಡೇ ಬಂದಿದ್ದಳು.

ಶೈಲಜಾ ಮೇಡಂ ಬೈಯಲಿಲ್ಲ. ಹೊಸಪೇಟೆಯಲ್ಲೇ ಇರುವ ಒಬ್ಬ ಹಿರಿಯ ಕೌನ್ಸೆಲರ್ ಹತ್ತಿರ ಅವಳನ್ನು ಕಳಿಸಿದರು. ಬೇರೆಯವರ ಮುಂದೆ ಕೂರುವ ಮೊದಲು ನೀನು ಒಬ್ಬರ ಮುಂದೆ ಕೂತು ಬಾ ಎಂದರು. ಅಲ್ಲಿ ಪಂಪಾವತಿ ಹೆಚ್ಚು ಹೊತ್ತು ಸುಮ್ಮನೇ ಕೂತಿರುತ್ತಿದ್ದಳು. ಆ ಕೌನ್ಸೆಲರೂ ಒತ್ತಾಯ ಮಾಡುತ್ತಿರಲಿಲ್ಲ. ಏನೂ ಅನ್ನಿಸುತ್ತಿಲ್ಲ ಎಂದರೆ, ಸರಿ, ಅದನ್ನೇ ಹೇಳಿ, ಅದು ಮೈಯಲ್ಲಿ ಎಲ್ಲಿದೆ ಎಂದು ಕೇಳುತ್ತಿದ್ದರು. ಒಂದು ದಿನ ಪಂಪಾವತಿ ಎದೆ ತೋರಿಸಿದಳು.

ಪರೀಕ್ಷೆಗೆ ಮುಂಚೆ ಒಂದು ಭಾನುವಾರ, ಮಣ್ಣು ಮಾಡಿದ ಜಾಗ ತೋರಿಸು ಎಂದು ದುರ್ಗಕ್ಕನನ್ನು ಕೇಳಿದಳು. ಪರಶುರಾಮ್‌ಗೆ ರಜೆ ಇತ್ತು, ಅವನೂ ಬಂದ. ಪಕ್ಕದೂರು ವಡ್ಡುವಿನ ಕಡೆಯ ದಾರಿಯಲ್ಲಿ ಒಂದು ಕಡೆ ಅಮ್ಮ ಮಗ ಇಬ್ಬರೂ ನಿಂತುಬಿಟ್ಟರು. ರಸ್ತೆ ಅಗಲ ಮಾಡುವಾಗ ಅಲ್ಲೆಲ್ಲ ಮಣ್ಣು ಸುರಿದಿದ್ದರು, ಗುರುತಿಗೆಂದು ಇಟ್ಟ ಕಲ್ಲು ಎಲ್ಲೂ ಕಾಣಲಿಲ್ಲ. ದುರ್ಗಕ್ಕ ಇಲ್ಲಿ ಎಂದಳು, ಪರಶುರಾಮ್ ಇನ್ನೂ ಆಚೆ ಎಂದ. ಇಬ್ಬರಿಗೂ ಖಾತ್ರಿ ಇರಲಿಲ್ಲ. ಕಲ್ಲು ಹುಡುಕುತ್ತ ಪರಶುರಾಮ್ ಕೂತುಕೊಂಡು ಎರಡೂ ಕೈಯಿಂದ ಮಣ್ಣು ಕೆದರಲು ಶುರುಮಾಡಿದ. ಸಾಕು ಎಂದರೂ ನಿಲ್ಲಿಸಲಿಲ್ಲ. ಪಂಪಾವತಿ ಅವನ ಪಕ್ಕ ಕೂತು ಅವನ ಮಣಿಕಟ್ಟು ಹಿಡಿದಳು. ಆಗ ಅವನು ಅತ್ತ. ಅಷ್ಟು ದಿನ ಅವನೂ ಅತ್ತಿರಲಿಲ್ಲ ಎಂದು ಅವಳಿಗೆ ತಿಳಿದದ್ದು ಆಗಲೇ. ಅವಳು ಕೈ ಬಿಡಲಿಲ್ಲ.

ಪಂಪಾವತಿ ಪಾಸಾದಳು. ಈಗ ವಾರದಲ್ಲಿ ಕೆಲವು ದಿನ ಸಂಡೂರಿನಲ್ಲಿ ಒಂದು ಸಂಸ್ಥೆ ನಡೆಸುವ ಸಲಹಾ ಕೇಂದ್ರದಲ್ಲಿ ಕೆಲಸ ಮಾಡುತ್ತಾಳೆ. ಗಣಿಯಲ್ಲಿ ದುಡಿಯುವವರು, ಅವರ ಮನೆಯ ಹೆಂಗಸರು ಬರುತ್ತಾರೆ. ಅವಳಿಗೆ ಈಗಲೂ ಎಷ್ಟೋ ದಿನ ಒಳಗೆ ಏನೂ ಅನ್ನಿಸುವುದಿಲ್ಲ. ಕೆಲವು ದಿನ ಅನ್ನಿಸುತ್ತದೆ, ಅದೂ ಹೇಳಿ ಕೇಳಿ ಬರುವುದಿಲ್ಲ; ಕುಕ್ಕರು ತೊಳೆಯುವಾಗ, ಬಸ್ಸಿಗೆ ಕೈ ತೋರಿಸುವಾಗ ಬಂದುಬಿಡುತ್ತದೆ. ಬಂದದ್ದನ್ನು ಮನೆಗೆ ಹೋಗಿ ದುರ್ಗಕ್ಕನಿಗೆ ಹೇಳುತ್ತಾಳೆ.

ಹೋದ ತಿಂಗಳು ಗಂಡನನ್ನು ಕಳಕೊಂಡ ತಿಪ್ಪಕ್ಕ ಎಂಬ ಹೆಂಗಸು ಬಂದು, ನನಗೆ ಅಳುವೇ ಬರುತ್ತಿಲ್ಲ, ಜನ ಏನಂತಾರೋ ಎಂದು ಕೇಳಿದಳು. ಪಂಪಾವತಿ ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡಳು.

"ಬರದಿದ್ರ ಬ್ಯಾಡ್ರಿ," ಎಂದಳು. "ಕುಂದ್ರಿ. ಅವರು ಹೆಂಗಿದ್ರು, ಅಷ್ಟ ಹೇಳ್ರಿ."