ಶ್ರೀಕಂಠಯ್ಯ ಮೇಷ್ಟ್ರೂ ವಿಶ್ವದ ವಯಸ್ಸೂ

ತಮ್ಮ ಲೆಕ್ಕ ತಪ್ಪಾದರೆ ಚಪ್ಪಾಳೆ ತಟ್ಟುವವರನ್ನು ನಾನು ಕಂಡದ್ದು ಒಬ್ಬರನ್ನೇ. ಮುಂಬಯಿಯ ವಡಾಲದ ನಮ್ಮ ಬಿಲ್ಡಿಂಗಿನಲ್ಲಿ ಎದುರು ಮನೆಯ ಶ್ರೀಕಂಠಯ್ಯ ಮೇಷ್ಟ್ರು. ಮೈಸೂರಿನವರು, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದರು. ಮನೆಗೆ ಬಂದರೆ ಬನಿಯನ್ನು, ಪಂಚೆ, ಗ್ರಾಫ್ ಹಾಳೆ. ವಿಶ್ವ ಹಿಗ್ಗುವುದನ್ನು ವಿವರಿಸಲು ಯಾವ ಗುಪ್ತ ಶಕ್ತಿಯೂ ಬೇಕಿಲ್ಲ ಎಂಬುದು ಅವರ ಹನ್ನೆರಡು ವರ್ಷದ ಹಟ. "ಆಕಾಶ ಒಪ್ಪದಿದ್ರೆ ನನ್ನ ಹಟಾನ ಉಪ್ಪಿನಕಾಯಿ ಹಾಕ್ಬೇಕಷ್ಟೆ ಕಣಪ್ಪ" ಎನ್ನುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಪ್ಯಾಸೇಜಿಗೆ ಓಡಿ ಬಂದು, "ಅಯ್ಯೋ, ಅಪ್ಪನಿಗಿಂತ ಮಗನೇ ದೊಡ್ಡವನಾಗ್ಬಿಟ್ಟ!" ಎಂದು ಕೂಗಿ ಚಪ್ಪಾಳೆ ತಟ್ಟಿದರು. ಮಧ್ಯಾಹ್ನದೊಳಗೆ ಮೂರು ಮಹಡಿಗೂ ಗುಸುಗುಸು ಹಬ್ಬಿತು. ಸೊಸೈಟಿ ಸೆಕ್ರೆಟರಿ, ಬಿಜಾಪುರದ ಬಸಪ್ಪನವರು, ಗಂಭೀರವಾಗಿ ಮೆಟ್ಟಿಲು ಹತ್ತಿ ಬಂದರು.

"ಸರ, ಯಾರ ಮನ್ಯಾಗ ಆಗೇತ್ರಿ ಇದು? ಸೊಸೈಟಿ ಮರ್ಯಾದಿ ಪ್ರಶ್ನೆ."

"ನಮ್ಮೆಲ್ಲರ ಮನೇಲೂ ಬಸಪ್ಪನೋರೇ!"

ಬಸಪ್ಪನವರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಮೇಷ್ಟ್ರು ಬಿಡಿಸಿ ಹೇಳಿದರು: ಅವರ ಲೆಕ್ಕದಲ್ಲಿ ವಿಶ್ವದ ವಯಸ್ಸು ಅದರೊಳಗಿನ ಹಳೆಯ ನಕ್ಷತ್ರಗಳ ವಯಸ್ಸಿಗಿಂತ ಕಡಿಮೆ ಬಂದಿತ್ತು. ಬರಿದಾದ ಆಕಾಶದಲ್ಲೇ ದೂರ ತಳ್ಳುವ ಶಕ್ತಿಯೊಂದು ಅಡಗಿದೆ ಎಂದುಕೊಂಡರೆ ವಿಶ್ವದ ವಯಸ್ಸು ಏರಿ ಎಲ್ಲ ಹೊಂದುತ್ತದೆ.

"ಹಂಗಾರ ಅದನ್ನ ಹಾಕ್ರಲ್ಲ, ಮುಗೀತು" ಎಂದರು ಬಸಪ್ಪನವರು.

"ಹಾಕಿದ್ರೆ ನನ್ನ ಹನ್ನೆರಡು ವರ್ಷ ಹೋಯ್ತು" ಎಂದರು ಮೇಷ್ಟ್ರು. ಆ ಧ್ವನಿ ಇಳಿದದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

ಆ ಸಂಜೆಯೇ ಘಾಟ್ಕೋಪರಿನ ಕನ್ನಡಿಗರ ಕೂಟವೊಂದರಲ್ಲಿ ಅದೇ ಹಟದ ಬಗ್ಗೆ ಒಂದು ತಾಸಿನ ಅವರ ಭಾಷಣ ನಿಗದಿಯಾಗಿತ್ತು. ಜೊತೆಗೆ ನಾನೂ ಹೋದೆ. ಮೇಷ್ಟ್ರು ಮೈಕಿನ ಮುಂದೆ ನಿಂತು, "ನಾನು ಹೇಳಬೇಕೆಂದಿದ್ದುದು ತಪ್ಪು. ಬೆಳಿಗ್ಗೆ ಗೊತ್ತಾಯಿತು. ನಮಸ್ಕಾರ" ಎಂದು ಕೂತುಬಿಟ್ಟರು. ಅಧ್ಯಕ್ಷರು ಇನ್ನೂ ಕನ್ನಡಕ ಒರೆಸುತ್ತಿದ್ದರು. ಒಳಗೆ ಉಪ್ಪಿಟ್ಟಿಗೆ ನೀರೇ ಕುದಿದಿರಲಿಲ್ಲ. ಮುಂದಿನ ಸಾಲಿನ ಅಜ್ಜಿಯೊಬ್ಬರು ಕೇಳಿದರು: "ತಪ್ಪು ಅಂತ ಹೇಗಪ್ಪಾ ಗೊತ್ತಾಯ್ತು?"

ಮೇಷ್ಟ್ರ ಮುಖ ಅರಳಿತು. ಒಂದೂವರೆ ತಾಸು ಮಾತಾಡಿದರು. ಉಪ್ಪಿಟ್ಟು ಕುದಿದು, ಬೆಂದು, ಆರಿ, ಗಟ್ಟಿಯಾಯಿತು.

ಮೇಷ್ಟ್ರು ನಿವೃತ್ತಿಯಾಗಿ ಮೈಸೂರಿಗೆ ಹೊರಟಾಗ ದಾದರ್ ಸ್ಟೇಷನ್ನಿಗೆ ಹೋಗಿದ್ದೆ. "ಆ ಗುಪ್ತ ಶಕ್ತಿ ಇದೆ ಅಂತೀರಾ ಈಗ?" ಎಂದೆ.

"ಇದೆ ಅನ್ನೋಕೆ ಪುರಾವೆ ಸಾಲದು. ಇಲ್ಲ ಅನ್ನೋಕೆ ಧೈರ್ಯ ಸಾಲದು. ನೋಡ್ತಿರು, ಗೊತ್ತಾದ್ರೆ ಕಾಗದ ಬರಿ!" ಗಾಡಿ ಹೊರಟಿತು. ನಾನೋ ಬ್ಯಾಂಕಿನ ಗುಮಾಸ್ತ!

ಎಷ್ಟೋ ವರ್ಷದ ಮೇಲೆ ಪತ್ರಿಕೆಯಲ್ಲಿ ಓದಿದೆ: ದೂರದ ನಕ್ಷತ್ರಗಳ ಸಿಡಿತವನ್ನು ಅಳೆದವರು ಅಂಥ ಶಕ್ತಿ ಇರಬೇಕು ಎನ್ನುತ್ತಿದ್ದರು. ಆ ಹೊತ್ತಿಗೆ ಮೇಷ್ಟ್ರು ತೀರಿಕೊಂಡಿದ್ದರು. ಆದರೂ ಅವರ ಹೆಂಡತಿಗೆ ಒಂದು ಇನ್‌ಲ್ಯಾಂಡ್ ಲೆಟರ್ ಬರೆದೆ: "ಅಮ್ಮಾ, 'ನನ್ನ ಲೆಕ್ಕ ತಪ್ಪು' ಅಂತ ಮೇಷ್ಟ್ರು ಅಂದಿದ್ದರಲ್ಲ, ಅದು ಸರಿಯಂತೆ."