ಇನ್ನೊಂದು ಬಗೆ ಸೊಪ್ಪು

ಭೂಮಿ ಹುಣ್ಣಿಮೆಯ ಹಿಂದಿನ ಮಧ್ಯಾಹ್ನ ನಾನು ಜಪಾನಿನ ಒಂದು ಗುಡ್ಡಗಾಡು ಪೇಟೆಯ ತರಕಾರಿ ಅಂಗಡಿಯ ಮುಂದೆ ನಿಂತು, ಇನ್ನೊಂದು ಬಗೆ ಸೊಪ್ಪು ಬೇಕೆಂದು ಕೈಸನ್ನೆ ಮಾಡಿದೆ. ಅಂಗಡಿಯ ಅಜ್ಜಿ ನನ್ನ ಕೈಯಲ್ಲಿದ್ದ ನಾಲ್ಕು ಕಟ್ಟುಗಳನ್ನು ನೋಡಿ ನಕ್ಕರು. ಸ್ವಲ್ಪ ನಿಲ್ಲು ಎಂಬಂತೆ ಅಂಗೈ ತೋರಿಸಿ ಒಳಗೆ ಹೋದರು. ಆಗ ಭೂಮಿ ನಡುಗಿತು.

ಇಷ್ಟನ್ನೇ ನಾನು ಎಷ್ಟು ಸಲ ಮನಸ್ಸಿನಲ್ಲಿ ತಿರುವಿಹಾಕಿದ್ದೇನೋ ಲೆಕ್ಕವಿಲ್ಲ. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿರುವಾಗಲೂ ಬರುತ್ತದೆ, ಬಟ್ಟೆ ಒಣಹಾಕುವಾಗಲೂ ಬರುತ್ತದೆ. ಪ್ರತಿ ಸಲವೂ ಅವರು ತಿರುಗುವ ಮೊದಲೇ ನಾನು ತಲೆಯಾಡಿಸಿ, ನಾಲ್ಕೇ ಸಾಕು ಎನ್ನುತ್ತೇನೆ. ಪ್ರತಿ ಸಲವೂ ಅವರು ಒಳಗೆ ಹೋಗುತ್ತಾರೆ.

ಕಡಹಿನಬೈಲಿನ ನಮ್ಮ ಮನೆಯಲ್ಲಿ ದೀಪಾವಳಿಗಿಂತ ದೊಡ್ಡ ಹಬ್ಬ ಭೂಮಿ ಹುಣ್ಣಿಮೆ. ಆ ಹೊತ್ತಿಗೆ ಭತ್ತ, ತೆನೆಯನ್ನು ಇನ್ನೂ ಒಳಗಿಟ್ಟುಕೊಂಡು, ಹೊಡೆಯಾಗಿ ನಿಂತಿರುತ್ತದೆ. ಭೂಮಿ ಬಸುರಿ ಎಂದು ನಮ್ಮ ನಂಬಿಕೆ. ಬಸುರಿಗೆ ಬಯಕೆಯ ಊಟ ಹಾಕುವಂತೆ ಗದ್ದೆಗೂ ಊಟ ಹಾಕುತ್ತೇವೆ. ಕುಂಬಳಕಾಯಿ, ಹಿತ್ತಲು ಬೇಲಿಗಳಲ್ಲಿ ಸಿಕ್ಕಿದ ಸೊಪ್ಪುಗಳು, ಎಲ್ಲವನ್ನೂ ಬೇಯಿಸಿ ಅನ್ನದಲ್ಲಿ ಕಲಸಿ, ಬುಟ್ಟಿಯಲ್ಲಿ ಹೊತ್ತು, ಬೆಳಕು ಹರಿಯುವ ಮುಂಚೆ ಗದ್ದೆಯ ತುಂಬ ಬೀರುವುದು. ಅದನ್ನು ಚರಗ ಎನ್ನುತ್ತಾರೆ. ಸೊಪ್ಪಿನ ಬಗೆ ಮಾತ್ರ ಬೆಸವಾಗಿರಬೇಕು ಎನ್ನುವುದು ನಮ್ಮ ಮನೆಯ ವಾಡಿಕೆ. ಯಾಕೆಂದು ಕೇಳಿದರೆ ಅಮ್ಮ, ಬಸುರಿಗೆ ಜೋಡಿ ಲೆಕ್ಕ ಹಾಕಿ ಯಾರು ಬಡಿಸ್ತಾರೆ, ಒಂದು ಹೆಚ್ಚಿಗೇ ಹಾಕದು ಎನ್ನುತ್ತಿದ್ದಳು.

ನಾನು ನರಸಿಂಹರಾಜಪುರದಲ್ಲಿ ಹೈಸ್ಕೂಲಿಗೆ ವಿಜ್ಞಾನ ಪಾಠ ಮಾಡುವವಳು. ಭೂಕಂಪದ ಪಾಠ ಬಂದಾಗ ಎರಡು ಬಿಸ್ಕತ್ತು ಒಂದಕ್ಕೊಂದು ಉಜ್ಜಿ ಭೂಫಲಕ ಅಂದರೆ ಇದು ಎಂದು ತೋರಿಸುತ್ತೇನೆ. ಪಾಠ ಮುಗಿದ ಮೇಲೆ ಬಿಸ್ಕತ್ತನ್ನು ಮಕ್ಕಳು ತಿನ್ನುತ್ತಾರೆ. ಆ ವರ್ಷದ ದಸರಾ ರಜೆಯಲ್ಲಿ ಕೊಪ್ಪದ ಗೆಳತಿಯೊಬ್ಬಳ ಜೊತೆ ಪ್ರವಾಸ ಹೊರಟಿದ್ದೆ. ಹೊರಡುವ ವಾರ ಅವಳ ಅತ್ತೆ ಬಿದ್ದು ಸೊಂಟ ಮುರಿದುಕೊಂಡರು. ಅವಳು ಉಳಿದಳು, ನಾನು ಗುರುತಿಲ್ಲದವರ ಗುಂಪಿನಲ್ಲಿ ಒಬ್ಬಳೇ ಹೋದೆ. ಎಲ್ಲರೂ ಗಂಡ ಹೆಂಡತಿ, ಮಕ್ಕಳು ಮರಿ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ನನ್ನ ಚೀಲವೇ ಕೂತಿರುತ್ತಿತ್ತು.

ಆ ಮಧ್ಯಾಹ್ನ ಉಳಿದವರು ಕೆರೆ ನೋಡಲು ಬಸ್ಸಿನಲ್ಲಿ ಹೋದರು. ನಾನು ಪೇಟೆಯಲ್ಲೇ ಉಳಿದೆ. ಬೇಯಿಸಲು ಆಗದಿದ್ದರೂ ಒಂದು ತುಂಡು ಕುಂಬಳಕಾಯಿ, ಐದು ಬಗೆ ಸೊಪ್ಪು ಹೋಟೆಲಿನ ಹಿಂದಿನ ಮಣ್ಣಿಗಾದರೂ ಇಡೋಣ ಎಂದು. ಕುಂಬಳಕಾಯಿ ಸಿಕ್ಕಿತು. ಮೂಲಂಗಿ ಸೊಪ್ಪು, ಸಾಸಿವೆ ಸೊಪ್ಪಿನಂಥದ್ದೊಂದು, ಹೆಸರು ಗೊತ್ತಿಲ್ಲದ ಇನ್ನೆರಡು. ನಾಲ್ಕಾಯಿತು. ಐದನೆಯದನ್ನು ಕೇಳಿದೆ.

ಮೊದಲು ಬಂದದ್ದು ಸದ್ದು. ಕಾಲಿನ ಅಡಿಯಿಂದ ಬಂತು. ಆಮೇಲೆ ಹಣ್ಣಿನ ಪೆಟ್ಟಿಗೆಗಳು ತಾವಾಗಿಯೇ ರಸ್ತೆಯ ಕಡೆ ಜರುಗಿದವು. ನಾನು ಓಡಲಿಲ್ಲ, ಕೂಗಲಿಲ್ಲ. ಸೊಪ್ಪು, ಕುಂಬಳಕಾಯಿ ಎಲ್ಲ ಬಿಟ್ಟು ರಸ್ತೆಯ ಮೇಲೆ ಕುಕ್ಕರಿಸಿ ಎರಡೂ ಅಂಗೈಯಿಂದ ನೆಲವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅಲುಗಾಡುತ್ತಿದ್ದದ್ದೇ ನೆಲ, ಹಿಡಿದುಕೊಳ್ಳಲು ನನಗೆ ಸಿಕ್ಕಿದ್ದೂ ನೆಲ. ಮಾಡಿನ ಹೆಂಚು ಒಂದರ ಹಿಂದೊಂದು ಜಾರಿ ಬಿದ್ದವು. ಅಂಗಡಿಯ ಒಳಗೆ ಏನೋ ದೊಡ್ಡದು ಮಗುಚಿ ಬಿದ್ದ ಸದ್ದಾಯಿತು. ಅಜ್ಜಿ ಹೋಗಿದ್ದ ಬಾಗಿಲಿನಿಂದ ಧೂಳು ಹೊರಗೆ ಬಂತು. ಅಜ್ಜಿ ಬರಲಿಲ್ಲ.

ಅಲುಗಾಟ ನಿಂತ ಮೇಲೆ ಅತ್ತ ಹೋಗಲು ನೋಡಿದೆ. ಹೆಲ್ಮೆಟ್ ಹಾಕಿದ ಒಬ್ಬಾತ ಕೈ ಅಡ್ಡ ಹಿಡಿದು ಎಲ್ಲರನ್ನೂ ಬಯಲಿನ ಕಡೆ ನೂಕಿದ. ಅಂಗಡಿಯನ್ನು ತೋರಿಸಿ ಇಂಗ್ಲಿಷಿನಲ್ಲಿ ಹೇಳಿದೆ, ಕನ್ನಡದಲ್ಲಿ ಹೇಳಿದೆ. ಎರಡಕ್ಕೂ ಅವನು ತಲೆಯಾಡಿಸಿದ, ನೂಕುವುದನ್ನು ಬಿಡಲಿಲ್ಲ. ಅಷ್ಟರಲ್ಲಿ ಟೂರ್ ಮ್ಯಾನೇಜರ್ ಫೋನು: ಬಸ್ಸು ಬೀದಿಯ ಕೊನೆಯಲ್ಲಿ ನಿಂತಿದೆ, ರಸ್ತೆ ಮುಚ್ಚುವ ಮೊದಲು ಹೊರಡಬೇಕು, ಬೇಗ ಬನ್ನಿ.

ಸುದ್ದಿ ಬಂದಿದ್ದ ಟೂರ್ ಮ್ಯಾನೇಜರನ್ನು ಬಿಟ್ಟರೆ ಬಸ್ಸಿನಲ್ಲಿದ್ದವರಿಗೆ ಏನೂ ಗೊತ್ತೇ ಆಗಿರಲಿಲ್ಲ. ಓಡುವ ಬಸ್ಸಿನಲ್ಲಿ ಅಲುಗಾಟ ತಿಳಿಯಲಿಲ್ಲವಂತೆ. ನಾನು ಹೇಳಿದ್ದನ್ನು ಕೇಳಿ ಮುಂದಿನ ಸೀಟಿನ ನಿವೃತ್ತ ಬ್ಯಾಂಕಿನವರು, "ನೀವು ಬೆಳಿಗ್ಗೆ ತಿಂಡಿ ಸರಿಯಾಗಿ ತಿಂದಿರ್ಲಿಲ್ಲ ಮೇಡಂ, ತಲೆ ಸುತ್ತಿರ್ಬೇಕು" ಎಂದರು. ಅವರ ಹೆಂಡತಿ ನನಗೊಂದು ಚಕ್ಕುಲಿ ಕೊಟ್ಟರು. ಮುಂದಿನ ಊರಿನ ಹೋಟೆಲಿನ ಟಿವಿಯಲ್ಲಿ ಆ ಪೇಟೆ ಅರೆಕ್ಷಣ ಕಂಡಿತು, ಆಮೇಲೆ ಅಡುಗೆ ಕಾರ್ಯಕ್ರಮ ಬಂತು. ಟೂರ್ ಮ್ಯಾನೇಜರನ್ನು ಕೇಳಿದರೆ, ಇಲ್ಲಿ ಇದೆಲ್ಲ ಮಾಮೂಲು, ಯಾರೂ ಸತ್ತ ಸುದ್ದಿಯಿಲ್ಲ ಎಂದ. ಗಾಯಗೊಂಡವರು? ಅದು ಅವನಿಗೂ ಗೊತ್ತಿರಲಿಲ್ಲ. ಆ ದಿನ ಬೂಟು ಬಿಚ್ಚದೆಯೇ ಮಲಗಿದೆ.

ಬೆಳಿಗ್ಗೆ ತಿಂಡಿಯ ಹಾಲಿನಲ್ಲಿ ಕೂತಿದ್ದಾಗ ಊರಿನಿಂದ ವಿಡಿಯೋ ಕಾಲ್ ಬಂತು. ಅಲ್ಲಿ ಇನ್ನೂ ಕತ್ತಲು. ನಮ್ಮಲ್ಲಿ ಗದ್ದೆ ಏರಿಯ ಮೇಲೆ ಮಾತ್ರ ನೆಟ್‌ವರ್ಕ್ ಸಿಗುತ್ತದೆ. ಅಣ್ಣ ಅಲ್ಲಿ ನಿಂತು ಫೋನು ಹಿಡಿದಿದ್ದ. ಟಾರ್ಚಿನ ಬೆಳಕಿನಲ್ಲಿ ಅಮ್ಮನ ಕೈ, ಕೆಮ್ಮಣ್ಣು ಬಳಿದ ಬುಟ್ಟಿ, ಅದರ ಆಚೆ ಭತ್ತದ ತುದಿ ಅಷ್ಟೇ ಕಾಣುತ್ತಿತ್ತು. ಎಲ್ಲಿ, ನಿನ್ನ ಜಪಾನಿನ ಚರಗ ತೋರಿಸು ಎಂದು ಅಣ್ಣ ಚೇಷ್ಟೆ ಮಾಡಿದ. ಅಮ್ಮ ಪರದೆಯ ಹತ್ತಿರ ಬಂದಳು.

"ಎಂತಾಯ್ತೇ? ಮುಖ ಯಾಕೆ ಹಂಗಿದೆ?"

ಹೇಳಬಾರದು ಎಂದುಕೊಂಡಿದ್ದೆ, ಹೇಳಿಬಿಟ್ಟೆ. ಅಮ್ಮ ಕೈಯಲ್ಲಿದ್ದ ಅನ್ನವನ್ನು ಬೀರದೆ ಹಾಗೆಯೇ ನಿಂತಳು.

"ಆ ಅಜ್ಜಿ ಹೊರಗೆ ಬಂದ್ಲಾ?"

"ಗೊತ್ತಿಲ್ಲಮ್ಮ."

"ಮತ್ತೆ ಅಲ್ಲಿ ಕೂತ್ಕಂಡು ಎಂತ ಮಾಡ್ತಿದೀಯ? ಹೋಗಿ ನೋಡ್ಕಂಡು ಬಾ."

"ಅದು ನಮ್ಮ ಪುರದ ಸಂತೆಯಲ್ಲ ಮಾರಾಯ್ತಿ, ಜಪಾನು" ಎಂದ ಅಣ್ಣ.

"ಜಪಾನಾದ್ರೆ ಎಂತ, ಬಸ್ಸಿಲ್ವ ಅಲ್ಲಿ?" ಎಂದಳು ಅಮ್ಮ. ಆಮೇಲೆ ನನಗೆ, "ನಿನ್ನ ಪಾಲಿಂದು ನಾನು ಬೀರ್ತೀನಿ. ನೀ ಹೋಗು."

ಟೂರ್ ಮ್ಯಾನೇಜರ್ ಗೊಣಗಿದ, ತನ್ನ ಜವಾಬ್ದಾರಿಯಲ್ಲ ಎಂದ. ಯಾವ ರೈಲು ಎಂದು ಮಾತ್ರ ಸರಿಯಾಗಿ ಹೇಳಿಕೊಟ್ಟ. ಗಂಟೆಗಿಂತ ಹೆಚ್ಚಿನ ದಾರಿ. ಪ್ರತಿ ಸುರಂಗದಲ್ಲೂ ಕಣ್ಣು ಮುಚ್ಚಿಕೊಂಡೆ.

ಬೀದಿಯನ್ನು ತೆರೆದಿದ್ದರು. ಮಾಡುಗಳ ಮೇಲೆ ಅಲ್ಲಲ್ಲಿ ನೀಲಿ ಟಾರ್ಪಾಲು. ಅಂಗಡಿ ಕಾಣುವ ತಿರುವಿನಲ್ಲಿ ನನ್ನ ಕಾಲು ನಿಂತವು. ಇಲ್ಲಿಂದಲೇ ವಾಪಸು ಹೋದರೆ ಬದುಕಿದ್ದಾರೆ ಎಂದುಕೊಂಡೇ ಇರಬಹುದಲ್ಲ ಎನ್ನಿಸಿತು. ಗುದ್ದಲಿ ಹಿಡಿದ ಒಬ್ಬರು ದಾರಿ ಬಿಡಿ ಎನ್ನುವಂತೆ ಹಿಂದಿನಿಂದ ಬಂದರು. ಅವರಿಗೆ ದಾರಿ ಬಿಡಲು ಮುಂದೆ ನಡೆದೆ.

ಅಜ್ಜಿ ಇದ್ದರು. ಮುರಿದ ಹೆಂಚನ್ನು ಪಕ್ಕಕ್ಕೆ ರಾಶಿ ಹಾಕಿ, ಪೆಟ್ಟಿಗೆಗಳನ್ನು ಮತ್ತೆ ಜೋಡಿಸಿ, ಯಾರಿಗೋ ಗೆಣಸು ತೂಗುತ್ತಿದ್ದರು. ಮಣಿಕಟ್ಟಿಗೆ ಬಿಳಿ ಪಟ್ಟಿ ಸುತ್ತಿತ್ತು, ಅಷ್ಟೇ.

ನನ್ನ ಸರದಿ ಬಂತು. ಅವರು ಎಲ್ಲರಿಗೂ ಬಾಗುವಂತೆ ನನಗೂ ಬಾಗಿದರು. ನಾನು ನನ್ನನ್ನು ತೋರಿಸಿಕೊಂಡೆ, ಒಳಬಾಗಿಲು ತೋರಿಸಿದೆ, ಮೈ ಅಲುಗಾಡಿಸಿ ತೋರಿಸಿದೆ. ಅವರೂ ಮೈ ಅಲುಗಾಡಿಸಿ ನಕ್ಕರು. ಮಾಡು ತೋರಿಸಿದರು, ಪಟ್ಟಿ ಸುತ್ತಿದ ಕೈ ತೋರಿಸಿದರು. ಹೊಸದಾಗಿ ಬಂದವರಿಗೆ ನಿನ್ನೆಯ ಕಥೆ ಹೇಳುವ ರೀತಿ ಅದು. ನನ್ನ ಗುರುತು ಅವರಿಗೆ ಹತ್ತಲಿಲ್ಲ. ನಿನ್ನೆ ಅವರ ಎದುರು ಎಷ್ಟು ಪ್ರವಾಸಿಗಳು ನಿಂತಿದ್ದರೋ. ನನಗಾಗಿ ಒಳಗೆ ಹೋದರು ಎಂದು ನಾನು ಇಡೀ ದಿನ ಸುಟ್ಟುಕೊಂಡಿದ್ದೆ. ಅವರಿಗೆ ಅದು ದಿನಕ್ಕೆ ಹತ್ತಾರು ಸಲ ಒಳಗೆ ಹೋಗಿ ಬರುವುದರಲ್ಲಿ ಒಂದು.

ಒಂದು ಗೆಣಸು ಕೊಂಡೆ. ಅವರು ಎರಡೂ ಕೈಯಿಂದ ಕೊಟ್ಟು ನನ್ನ ಹಿಂದಿನವರ ಕಡೆ ತಿರುಗಿದರು. ಅವರ ಕೈಯನ್ನು ಇನ್ನೊಂದು ಕ್ಷಣ ಹಿಡಿದುಕೊಳ್ಳಬೇಕಿತ್ತು ಎಂದು ಸ್ಟೇಷನ್ನಿನವರೆಗೂ ಅನ್ನಿಸುತ್ತಿತ್ತು.

ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ಮನೆಗೆ ಫೋನು ಮಾಡಿದೆ. ಕಾಲ್ ಹೋಗಲಿಲ್ಲ. ಅವರೆಲ್ಲ ಗದ್ದೆಯಿಂದ ಮನೆಗೆ ಹೋಗಿ ಉಣ್ಣಲು ಕೂತಿರಬೇಕು. ವಾಯ್ಸ್ ಮೆಸೇಜ್ ಹಾಕಿದೆ: "ಅಮ್ಮ, ಅಜ್ಜಿ ಚೆನ್ನಾಗಿದಾರೆ." ಪಕ್ಕದಲ್ಲಿದ್ದವರು ಒಮ್ಮೆ ತಿರುಗಿ ನೋಡಿ ಮತ್ತೆ ತಮ್ಮ ಫೋನಿಗೆ ಬಗ್ಗಿದರು. ಮೆಸೇಜಿಗೆ ಒಂದೇ ಟಿಕ್ ಬಿತ್ತು. ಎರಡನೆಯದಕ್ಕೆ ಕಾಯುತ್ತಾ ಕೂತೆ. ರೈಲು ಬಂತು, ಬೆಂಚು ಸಣ್ಣಗೆ ಅದುರಿತು. ಎಲ್ಲರೂ ಎದ್ದು ಹತ್ತಿದರು. ನಿನ್ನೆ ನೆಲವನ್ನು ಹಿಡಿದಂತೆ ನಾನು ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ, ಏಳಲು ಆಗಲಿಲ್ಲ. ಬಾಗಿಲು ಮುಚ್ಚಿತು.